ಕಣ್ಣಳತೆ: ಪರ್ಸ್ಪೆಕ್ಟಿವ್ (ದೂರ-ಹತ್ತಿರವನ್ನು ಕಣ್ಣಿಗೆ ಕಾಣುವಂತೆ ಹಾಳೆಯ ಮೇಲೆ ಬರೆಯುವ ವಿಧಾನ) ಬಗ್ಗೆ ಓದುಗರು ಕೇಳಿದ್ದು

ಪ್ರಶ್ನೆ: ಡ್ರಾಯಿಂಗ್ ಪರೀಕ್ಷೆಗೆ ಅಭ್ಯಾಸ ಮಾಡುತ್ತಿದ್ದೇನೆ. ದಿಗಂತ ರೇಖೆಯ ಮೇಲೆ ಎಡಕ್ಕೊಂದು, ಬಲಕ್ಕೊಂದು ಬಿಂದು ಇಟ್ಟು, ಹೇಳಿಕೊಟ್ಟ ಹಾಗೆಯೇ ಮನೆ ಬರೆಯುತ್ತೇನೆ. ಗೆರೆಗಳೆಲ್ಲ ಬಿಂದುವಿಗೇ ಹೋಗುತ್ತವೆ. ಆದರೂ ಮನೆಯ ಮುಂದಿನ ಮೂಲೆ ದೋಣಿಯ ಮೂತಿಯಂತೆ ಚೂಪಾಗುತ್ತದೆ. ಯಾಕೆ? (ವಿದ್ಯಾರ್ಥಿನಿ, ತಿಪಟೂರು)

ಉತ್ತರ: ಗೆರೆಗಳಲ್ಲಿ ತಪ್ಪಿಲ್ಲ, ಬಿಂದುಗಳು ಹತ್ತಿರವಾಗಿವೆ. ಎರಡನ್ನೂ ಹಾಳೆಯೊಳಗೇ ಇಟ್ಟಿರುತ್ತೀರಿ. ಬಹುತೇಕ ಎಲ್ಲರೂ ಮೊದಲು ಮಾಡುವುದು ಅದನ್ನೇ. ಮನೆಯ ಎರಡು ಗೋಡೆಗಳ ನಡುವೆ 90 ಡಿಗ್ರಿ ಇರುವುದರಿಂದ, ಅವುಗಳ ಗೆರೆಗಳು ಸೇರುವ ಬಿಂದುಗಳೂ ನೋಡುವವರ ಕಣ್ಣಿಗೆ 90 ಡಿಗ್ರಿ ಅಂತರದಲ್ಲೇ ಇರಬೇಕು. ಎ4 ಹಾಳೆಯನ್ನು ಅಡ್ಡ ಇಟ್ಟರೆ ಅಗಲ 29.7 ಸೆಂ.ಮೀ. ಎರಡು ಅಂಚಿಗೆ ಎರಡು ಬಿಂದು ಇಟ್ಟರೆ ಆ ಚಿತ್ರ ಸರಿಯಾಗಿ ಕಾಣಲು ಕಣ್ಣನ್ನು ಹಾಳೆಯಿಂದ 15 ಸೆಂ.ಮೀ. ಒಳಗೆ ತರಬೇಕು. ಒಂದು ಕಣ್ಣು ಮುಚ್ಚಿ ಅಷ್ಟು ಹತ್ತಿರ ಹೋಗಿ ನೋಡಿ, ಚೂಪು ಮೂಲೆ ಸಮಾಧಾನಕ್ಕೆ ಬರುತ್ತದೆ. ಆದರೆ ಹಾಗೆ ಯಾರೂ ಚಿತ್ರ ನೋಡುವುದಿಲ್ಲ, 40 ಸೆಂ.ಮೀ. ದೂರದಿಂದ ನೋಡುತ್ತಾರೆ.

ಆದ್ದರಿಂದ ಎ4 ಹಾಳೆಗೆ ಬಿಂದುಗಳ ಅಂತರ ಕಡೇಪಕ್ಷ 52 ಸೆಂ.ಮೀ. ಇರಲಿ, 80 ಇದ್ದರೆ ಇನ್ನೂ ಒಳ್ಳೆಯದು. ದೊಡ್ಡ ಹಲಗೆಯ ನಡುವೆ ಹಾಳೆಯನ್ನು ಟೇಪಿನಿಂದ ಅಂಟಿಸಿ, ದಿಗಂತ ರೇಖೆಯನ್ನು ಹಲಗೆಯ ಮೇಲೂ ಮುಂದುವರಿಸಿ, ಎರಡು ಕಡೆ ಗುಂಡುಪಿನ್ನು ಚುಚ್ಚಿ ದಾರ ಕಟ್ಟಿ. ದಾರ ಬಿಗಿಯಾಗಿ ಎಳೆದಾಗ ಅದು ಹಾದುಹೋಗುವ ಕಡೆ ಎರಡು ಚುಕ್ಕಿ ಇಟ್ಟು ಸ್ಕೇಲಿನಿಂದ ಸೇರಿಸಿ. ಚುಕ್ಕಿ ಇಡುವಾಗ ಪೆನ್ಸಿಲ್ ದಾರವನ್ನು ತಳ್ಳಬಾರದು. ಒಂದು ಮಿಲಿಮೀಟರ್ ಸರಿದರೂ ಗೆರೆ ಬೇರೆ ಕಡೆ ಹೋಗುತ್ತದೆ.

ಪರೀಕ್ಷಾ ಕೊಠಡಿಯಲ್ಲಿ ಹಲಗೆ, ದಾರ ನಡೆಯುವುದಿಲ್ಲ. ಅಲ್ಲಿ ಹೀಗೆ ಮಾಡಿ. ಮನೆಯ ಹತ್ತಿರದ ಮೂಲೆಯನ್ನು 8 ಸೆಂ.ಮೀ. ನೆಟ್ಟನೆ ಗೆರೆಯಾಗಿ ಎಳೆದು ಸೆಂ.ಮೀ.ಗೊಂದು ಗುರುತು ಹಾಕಿ. ದಿಗಂತ ರೇಖೆ ಕೆಳಗಿನಿಂದ ಮೂರನೇ ಗುರುತಿನಲ್ಲಿ ಹಾದುಹೋಗಲಿ. ಹಾಳೆಯ ಎಡ ಅಂಚಿನಲ್ಲಿ 6 ಸೆಂ.ಮೀ. ಗೆರೆ ಎಳೆದು ಅದನ್ನೂ 8 ಸಮಭಾಗ ಮಾಡಿ, ಅಂದರೆ ಭಾಗಕ್ಕೆ 7.5 ಮಿ.ಮೀ. ಅಲ್ಲಿಯೂ ಮೂರನೇ ಗುರುತು ದಿಗಂತ ರೇಖೆಯ ಮೇಲೇ ಕೂರಬೇಕು. ಒಂದನ್ನು ಒಂದಕ್ಕೆ, ಎರಡನ್ನು ಎರಡಕ್ಕೆ ಸೇರಿಸುತ್ತಾ ಹೋಗಿ. ಬಿಂದು ಹಾಳೆಯ ಆಚೆ ಎಲ್ಲೋ ಇದ್ದರೂ ಈ ಗೆರೆಗಳೆಲ್ಲ ಅಲ್ಲಿಗೇ ಹೋಗುತ್ತವೆ. ಬಲಕ್ಕೂ ಹೀಗೆಯೇ. ಕಿಟಕಿ, ಬಾಗಿಲು, ಸೂರಿನ ಅಂಚು ಬರೆಯುವಾಗ ಹತ್ತಿರದ ಎರಡು ಗೆರೆಗಳ ನಡುವೆ ಅಂದಾಜು ಮಾಡಿದರೆ ಸಾಕು.

ಪ್ರಶ್ನೆ: ನಮ್ಮದು ಮಲೆನಾಡು. ಯಾವ ಕಡೆ ತಿರುಗಿದರೂ ಗುಡ್ಡ. ದಿಗಂತವೇ ಕಾಣದ ಊರಿನಲ್ಲಿ ದಿಗಂತ ರೇಖೆ ಎಲ್ಲಿ ಎಳೆಯಲಿ? ಮನೆ ಮುಂದಿನ ಏರುರಸ್ತೆ ಬರೆದರೆ ಅದು ಏರುವುದೂ ಇಲ್ಲ. (ಶೃಂಗೇರಿ)

ಉತ್ತರ: ದಾರಿ ತಪ್ಪಿಸುವುದು ಆ ಹೆಸರೇ. ಎಳೆಯಬೇಕಾದದ್ದು ನಿಮ್ಮ ಕಣ್ಣಿನ ಮಟ್ಟ. ಗುಡ್ಡ ಆಕಾಶಕ್ಕೆ ತಾಗುವ ಗೆರೆಗೂ ಇದಕ್ಕೂ ಸಂಬಂಧವಿಲ್ಲ. ಸಮುದ್ರದ ದಂಡೆಯಲ್ಲೋ ವಿಶಾಲ ಬಯಲಿನಲ್ಲೋ ಮಾತ್ರ ಎರಡೂ ಒಂದೇ ಕಡೆ ಕಾಣುತ್ತವೆ.

ಮಟ್ಟ ಕಂಡುಹಿಡಿಯಲು ಪಾರದರ್ಶಕ ಬಾಟಲಿಗೆ ಅರ್ಧ ನೀರು ತುಂಬಿ, ಕೈ ಚಾಚಿ ನೆಟ್ಟಗೆ ಹಿಡಿಯಿರಿ. ಕೆಳಗಿದ್ದರೆ ನೀರಿನ ಮೇಲ್ಮೈ ಮೇಲಿನಿಂದ ಕಾಣುತ್ತದೆ, ಎತ್ತಿ ಹಿಡಿದರೆ ಅಡಿಯಿಂದ ಕಾಣುತ್ತದೆ. ನಡುವೆ ಒಂದು ಕಡೆ ಅದು ಬರೀ ಗೆರೆಯಾಗುತ್ತದೆ. ಆ ಗೆರೆಯ ನೇರಕ್ಕೆ ಆಚೆ ಯಾವುದು ಸಿಗುತ್ತದೋ, ಅಡಿಕೆ ಮರದ ಒಂದು ಗಂಟೋ, ಕಿಟಕಿಯ ಚೌಕಟ್ಟೋ, ಅದೇ ನಿಮ್ಮ ಮಟ್ಟ. ನೀವು ಕೂತರೆ ಅದೂ ಇಳಿಯುತ್ತದೆ. ಅರ್ಧ ಚಿತ್ರ ನಿಂತು, ಇನ್ನರ್ಧ ಕೂತು ಬರೆದರೆ ಎಷ್ಟು ತಿದ್ದಿದರೂ ಸರಿಹೋಗುವುದಿಲ್ಲ.

ಇನ್ನು ಏರುರಸ್ತೆ. ಸಮತಟ್ಟು ರಸ್ತೆಯ ಎರಡು ಅಂಚುಗಳು ಕಣ್ಣಿನ ಮಟ್ಟದಲ್ಲಿ ಸೇರುತ್ತವೆ. ಅದೇ ದಿಕ್ಕಿನಲ್ಲಿ ಏರುವ ರಸ್ತೆಯ ಅಂಚುಗಳು ಆ ಬಿಂದುವಿನ ನೆಟ್ಟನೆ ಮೇಲೆ, ಇಳಿಯುವ ರಸ್ತೆಯವು ನೆಟ್ಟನೆ ಕೆಳಗೆ ಸೇರುತ್ತವೆ. ಏರು ಕಡಿದಾದಷ್ಟೂ ಬಿಂದು ಮೇಲೆ ಹೋಗುತ್ತದೆ. ಆದರೆ ರಸ್ತೆ ಬದಿಯ ಮನೆಗಳ ಜಗಲಿ, ಸೂರು, ಕಿಟಕಿಗಳು ಮಟ್ಟಸವಾಗಿಯೇ ಇರುವುದರಿಂದ ಅವು ಕಣ್ಣಿನ ಮಟ್ಟಕ್ಕೇ ಹೋಗಬೇಕು. ಎಲ್ಲವನ್ನೂ ಒಂದೇ ಬಿಂದುವಿಗೆ ಎಳೆದರೆ ರಸ್ತೆ ಮಲಗುತ್ತದೆ, ಇಲ್ಲವೇ ಮನೆಗಳು ವಾಲುತ್ತವೆ.

ಪ್ರಶ್ನೆ: ಸಾಲು ಕಂಬಗಳ ನಡುವಿನ ಅಂತರ ಎಷ್ಟೆಷ್ಟು ಕಡಿಮೆ ಮಾಡಬೇಕು? (ಗದಗ)

ಉತ್ತರ: ಅಂದಾಜು ಬೇಡ. ಮೊದಲ ಎರಡು ಕಂಬಗಳನ್ನು ನಿಮ್ಮಿಷ್ಟದಂತೆ ನಿಲ್ಲಿಸಿ. ತುದಿಗಳಿಂದ, ಬುಡಗಳಿಂದ, ಮೊದಲ ಕಂಬದ ನಟ್ಟನಡುವಿನಿಂದ ಹೀಗೆ ಮೂರು ಗೆರೆಗಳನ್ನು ದೂರದ ಬಿಂದುವಿಗೆ ಎಳೆಯಿರಿ. ಮೊದಲ ಕಂಬದ ತುದಿಯಿಂದ ಎರಡನೇ ಕಂಬದ ನಡುವನ್ನು ಹಾಯ್ದು ಹೋಗುವ ಗೆರೆ ಬುಡದ ಗೆರೆಯನ್ನು ಮುಟ್ಟುವಲ್ಲಿ ಮೂರನೇ ಕಂಬ. ಎರಡನೆಯದರಿಂದ ಇದನ್ನೇ ಮಾಡಿದರೆ ನಾಲ್ಕನೆಯದು.

ಪ್ರಶ್ನೆ: ಮಗ ಚಿತ್ರದಲ್ಲಿ ದೂರದವರನ್ನು ಯಾವಾಗಲೂ ದೊಡ್ಡದಾಗಿಯೇ ಬರೆಯುತ್ತಾನೆ. ಹೇಳಿದರೆ "ನನಗೆ ಹಾಗೇ ಕಾಣುತ್ತೆ ಅಮ್ಮಾ" ಎನ್ನುತ್ತಾನೆ. (ದಾವಣಗೆರೆ)

ಉತ್ತರ: ಅವನು ಹೇಳುವುದು ನಿಜ, ದಯವಿಟ್ಟು ಗದರಬೇಡಿ. 3 ಮೀಟರ್ ದೂರದವರಿಗಿಂತ 6 ಮೀಟರ್ ದೂರದವರು ಕಣ್ಣೊಳಗಿನ ಬಿಂಬದಲ್ಲಿ ಅರ್ಧದಷ್ಟೇ ಇರುತ್ತಾರೆ. ಆದರೆ ಮನುಷ್ಯರ ಎತ್ತರ ಗೊತ್ತಿರುವ ಮಿದುಳು ಅವರನ್ನು ಅಷ್ಟು ಕುಗ್ಗಲು ಬಿಡುವುದಿಲ್ಲ. ಬಚ್ಚಲುಮನೆಯ ಕನ್ನಡಿಯ ಮುಂದೆ ಅವನನ್ನು ನಿಲ್ಲಿಸಿ, ಒಂದು ಕಣ್ಣು ಮುಚ್ಚಿಸಿ, ಕಾಣುವ ಮುಖದ ಅಂಚನ್ನು ಸೋಪಿನಿಂದ ಗುರುತಿಸಲು ಹೇಳಿ. ಮುಖ 20 ಸೆಂ.ಮೀ. ಇದ್ದರೆ ಗುರುತು 10 ಸೆಂ.ಮೀ. ಬರುತ್ತದೆ. ಎರಡು ಹೆಜ್ಜೆ ಹಿಂದೆ ಸರಿದರೂ ಮುಖ ಅದೇ ಗುರುತಿನೊಳಗೆ ಕೂರುತ್ತದೆ, ಏಕೆಂದರೆ ಬಿಂಬ ಕನ್ನಡಿಯಿಂದ ನಮ್ಮಷ್ಟೇ ದೂರ ಹಿಂದಿದೆ, ಕನ್ನಡಿ ಯಾವಾಗಲೂ ನಡುವಿನಲ್ಲಿದೆ. ಹುಣ್ಣಿಮೆಯ ದಿನ ಕೈ ಚಾಚಿ ಒಂದು ಕಡಲೆಬೇಳೆ ಹಿಡಿಯಲಿ. ಬೆಟ್ಟದ ಮೇಲೆ ದೊಡ್ಡದಾಗಿ ಕಂಡ ಚಂದ್ರನೂ ಅದರ ಹಿಂದೆ ಅಡಗುತ್ತಾನೆ.

ಆಮೇಲೆ ಪೆನ್ಸಿಲಿನಿಂದ ಅಳೆಯುವುದನ್ನು ಕಲಿಸಿ: ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ತುದಿಯನ್ನು ದೂರದವರ ತಲೆಯ ನೇರಕ್ಕೆ ಹಿಡಿದು, ಪಾದದ ನೇರಕ್ಕೆ ಹೆಬ್ಬೆರಳು ಸರಿಸುವುದು. ಮೊಣಕೈ ಪೂರ್ತಿ ಚಾಚಿರಬೇಕು, ಪೆನ್ಸಿಲ್ ಆಚೆಗೋ ಈಚೆಗೋ ಓರೆಯಾಗಬಾರದು. ಅಳತೆ ಸಲಕ್ಕೊಂದು ಬಂದರೆ ಮೊಣಕೈ ಮಡಚಿದ್ದಾನೆ ಎಂದೇ ಅರ್ಥ. ಸಮತಟ್ಟು ನೆಲದಲ್ಲಿ ಅವನಷ್ಟೇ ಎತ್ತರದ ಮಕ್ಕಳು ನಿಂತಿದ್ದರೆ, ಹತ್ತಿರದವರಿರಲಿ ದೂರದವರಿರಲಿ, ಎಲ್ಲರ ಕಣ್ಣೂ ಒಂದೇ ಅಡ್ಡಗೆರೆಯ ಮೇಲೆ ಬರುತ್ತದೆ. ಇದನ್ನು ಶಾಲೆಯ ಮೈದಾನದಲ್ಲೇ ತೋರಿಸಬಹುದು.

ಪ್ರಶ್ನೆ: ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಯುದ್ಧಚಿತ್ರದಲ್ಲಿ ಸೈನಿಕರ ಸಾಲುಗಳು ಒಂದರ ಮೇಲೊಂದು ಇವೆ. ಬರೆದವರಿಗೆ ಪರ್ಸ್ಪೆಕ್ಟಿವ್ ಗೊತ್ತಿರಲಿಲ್ಲವೇ? (ಮಂಡ್ಯ)

ಉತ್ತರ: ಅದನ್ನು ಕೊರತೆಯೆಂದು ನೋಡುವುದು ಅನ್ಯಾಯ. 1784ರಲ್ಲಿ ಕಟ್ಟಿದ ಆ ಅರಮನೆಯ ಗೋಡೆಯಲ್ಲಿರುವುದು ಹೈದರ್ ಮತ್ತು ಟಿಪ್ಪುವಿನ ಸೈನ್ಯ ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಕದನ. ಮೇಲೆ ಹೇಳಿದ ಕಣ್ಣಿನ ಮಟ್ಟದ ನಿಯಮವನ್ನು ಅದಕ್ಕೆ ಹಚ್ಚಿ ನೋಡಿ: ನೆಲದ ಮೇಲೆ ನಿಂತು ನೋಡಿದರೆ ಎಲ್ಲ ತಲೆಗಳೂ ಒಂದೇ ಗೆರೆಯಲ್ಲಿ ಬಂದು, ಮುಂದಿನ ಸಾಲು ಹಿಂದಿನ ಇಡೀ ಸೈನ್ಯವನ್ನು ಮುಚ್ಚಿಬಿಡುತ್ತದೆ. ಯಾರು ಯಾರನ್ನು ಸುತ್ತುವರಿದರು, ಪಲ್ಲಕ್ಕಿಯಲ್ಲಿದ್ದ ಬ್ರಿಟಿಷ್ ಸೇನಾನಿ ಕರ್ನಲ್ ಬೈಲಿ ಎಲ್ಲಿದ್ದ ಎಂಬುದೊಂದೂ ತಿಳಿಯದು. ಸಾಲುಗಳನ್ನು ಮೇಲೆ ಮೇಲೆ ಇಟ್ಟಿದ್ದರಿಂದಲೇ ಯುದ್ಧ ಅರ್ಥವಾಗುತ್ತದೆ.

ಇನ್ನು ಪರ್ಸ್ಪೆಕ್ಟಿವ್ ಬಂದ ಬಗೆ. 15ನೇ ಶತಮಾನದಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ವಾಸ್ತುಶಿಲ್ಪಿ ಬ್ರುನೆಲೆಸ್ಕಿ ಈ ವಿಧಾನದಲ್ಲಿ ಬರೆದ ತನ್ನ ಚಿತ್ರವನ್ನು ಹಲಗೆಯ ತೂತಿನ ಮೂಲಕ, ಎದುರಿಗೆ ಹಿಡಿದ ಕನ್ನಡಿಯಲ್ಲಿ ನೋಡಿಸಿದ. 1435ರಲ್ಲಿ ಆಲ್ಬರ್ಟಿ ಎಂಬ ಇಟಲಿಯ ವಿದ್ವಾಂಸ ಆ ವಿಧಾನವನ್ನು ಬರಹಕ್ಕಿಳಿಸಿದ. ಅದು ಒಂದು ಕಣ್ಣು, ಒಂದು ಜಾಗ ಎಂಬ ಒಪ್ಪಂದದ ಮೇಲೆ ನಿಂತ ವಿಧಾನ. ದರಿಯಾ ದೌಲತ್‌ನ ಉದ್ದನೆಯ ಗೋಡೆಯನ್ನು ನಾವು ಜಗಲಿಯಲ್ಲಿ ನಡೆಯುತ್ತಾ ನೋಡುತ್ತೇವೆ; ಅಲ್ಲಿ ಒಂದೇ ಬಿಂದು ಇಟ್ಟಿದ್ದರೆ ಒಂದು ಜಾಗದಲ್ಲಿ ನಿಂತವರಿಗೆ ಮಾತ್ರ ಸರಿಯಾಗಿ ಕಾಣುತ್ತಿತ್ತು. ನೀವೂ ಊರ ಜಾತ್ರೆ ಬರೆಯುವುದಾದರೆ ಈ ಸಾಲುಗಳ ಕ್ರಮವನ್ನೇ ಪ್ರಯತ್ನಿಸಿ ನೋಡಿ: ಹತ್ತಿರದವರು ಕೆಳಗೆ, ದೂರದವರು ಮೇಲೆ, ಗಾತ್ರ ಎಲ್ಲರಿಗೂ ಒಂದೇ. ಆ ಹಾಳೆಯಲ್ಲಿ ತೇರನ್ನು ಮಾತ್ರ ಎರಡು ಬಿಂದುಗಳಿಗೆ ಎಳೆಯಬೇಡಿ, ಅದೊಂದೇ ಬೇರೆ ಚಿತ್ರದಿಂದ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.