‘ಹರ್ಬಲ್’ ಅಂತ ಬರೆದಿದ್ದರೆ ಸಾಕಾ?

ಪ್ರಶ್ನೆ: ಮಗನಿಗೆ ಇಪ್ಪತ್ತು ವರ್ಷ, ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದು ಓದುತ್ತಿದ್ದಾನೆ. ಹಬ್ಬಕ್ಕೆ ಬಂದಾಗ ಬಟ್ಟೆ ಒಗೆಯೋಣ ಅಂತ ಬ್ಯಾಗು ತೆಗೆದರೆ ಮಿರಮಿರ ಹೊಳೆಯುವ ಪೊಟ್ಟಣವೊಂದು ಸಿಕ್ಕಿತು. ಒಳಗೆ ಒಣಸೊಪ್ಪಿನ ತರಿ, ಮೇಲೆ ‘ಹರ್ಬಲ್, ಸುವಾಸನೆಗೆ ಮಾತ್ರ’ ಅಂತಿದೆ. ಕೇಳಿದರೆ ‘ಗಾಂಜಾ ಅಲ್ಲಮ್ಮ, ನಾವು ಸೇದೋ ಹುಕ್ಕಾನೂ ಹರ್ಬಲ್ಲೇ, ಕಾನೂನಿನಲ್ಲಿ ತಪ್ಪೇನಿಲ್ಲ’ ಅನ್ನುತ್ತಾನೆ. ನಿಜವೇ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಹುಕ್ಕಾ ವಿಷಯದಲ್ಲಿ ಅವನ ಮಾತು ಪೂರ್ತಿ ತಪ್ಪು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಇಡೀ ರಾಜ್ಯದಲ್ಲಿ ಹುಕ್ಕಾ ಮಾರುವುದನ್ನೂ ಸೇದುವುದನ್ನೂ ನಿಷೇಧಿಸಿತು. ತಂಬಾಕು, ನಿಕೋಟಿನ್ ಇಲ್ಲದ ಹುಕ್ಕಾವನ್ನೂ ಆ ಆದೇಶ ಬಿಟ್ಟಿಲ್ಲ. ಹುಕ್ಕಾ ವ್ಯಾಪಾರದವರು ಹೈಕೋರ್ಟ್‌ಗೆ ಹೋದರು, ಏಪ್ರಿಲ್‌ನಲ್ಲಿ ಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. 2025ರಲ್ಲಿ ತಂಬಾಕು ನಿಯಂತ್ರಣ ಕಾನೂನಿಗೆ ರಾಜ್ಯ ತಂದ ತಿದ್ದುಪಡಿ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಈಗ ಹುಕ್ಕಾ ಬಾರ್ ನಡೆಸಿದರೆ 1ರಿಂದ 3 ವರ್ಷ ಜೈಲು, 50 ಸಾವಿರದಿಂದ 1 ಲಕ್ಷ ರೂಪಾಯಿ ದಂಡ. 21 ತುಂಬದ ನಿಮ್ಮ ಮಗನಿಗೆ ಅಂಗಡಿಯವರು ಒಂದು ಸಿಗರೇಟು ಕೊಡುವ ಹಾಗೂ ಇಲ್ಲ. ಇದು ಸರಿಯಾದ ಕಾನೂನು ಅಂತಲೇ ನನ್ನ ಅಭಿಪ್ರಾಯ, ಯಾಕಂದ್ರೆ ಚಿಲುಮೆಯಲ್ಲಿ ಏನೇ ತುಂಬಿದರೂ ಮೇಲೆ ಉರಿಯೋದು ಇದ್ದಿಲೇ, ಅದರ ಕಾರ್ಬನ್ ಮೊನಾಕ್ಸೈಡ್ ನೇರ ಎದೆಗೆ ಇಳಿಯುತ್ತದೆ.

ನನಗೆ ಜಾಸ್ತಿ ಭಯ ಆ ಪೊಟ್ಟಣದ್ದು. ಅದರಲ್ಲಿ ಏನಿದೆ ಅಂತ ಲ್ಯಾಬ್ ಮಾತ್ರ ಹೇಳಬಲ್ಲದು. ಆದರೆ ಅಮೆರಿಕದಲ್ಲಿ ‘ಕೆ2’, ‘ಸ್ಪೈಸ್’ ಅನ್ನುವ ಹೆಸರಲ್ಲಿ ಹೀಗೇ ಹೊಳೆಯುವ ಪೊಟ್ಟಣಗಳು ಧೂಪದ ಪುಡಿ ಅಂತ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಸೊಪ್ಪು ಬರೀ ನೆಪ. ಅದರ ಮೇಲೆ ಜೆಡಬ್ಲ್ಯುಎಚ್-018ನಂಥ ರಾಸಾಯನಿಕ ಸಿಂಪಡಿಸಿರುತ್ತಿದ್ದರು, ಮೊದಲು ಸಂಶೋಧನೆಗೆಂದು ಪ್ರಯೋಗಾಲಯದಲ್ಲಿ ತಯಾರಿಸಿದ್ದು ಅದು. ಮಿದುಳಿನಲ್ಲಿ ಗಾಂಜಾ ಕೆಲಸ ಮಾಡುವ ಜಾಗದಲ್ಲೇ ಕೆಲಸ ಮಾಡುತ್ತದೆ, ಆದರೆ ಎಷ್ಟೋ ಪಟ್ಟು ಜೋರಾಗಿ. ಸಿಂಪಡಣೆ ಎಲ್ಲ ಕಡೆ ಒಂದೇ ಸಮ ಬೀಳಲ್ಲ, ಒಂದು ಚಿಟಿಕೆ ಸಪ್ಪೆ ಅನ್ನಿಸಿದರೆ ಅದೇ ಪೊಟ್ಟಣದ ಇನ್ನೊಂದು ಚಿಟಿಕೆಗೆ ಫಿಟ್ಸ್ ಬರಬಹುದು. 2011ರಲ್ಲಿ ಅಲ್ಲಿ ಇಂಥ ಐದು ರಾಸಾಯನಿಕ ನಿಷೇಧಿಸಿದರೆ, ಅಣುವಿನ ತುದಿ ಚೂರು ಬದಲಿಸಿ ‘ಇದು ಬೇರೆ’ ಅಂತ ಹೊಸ ಪೊಟ್ಟಣ ತಂದರು. ಜೆಡಬ್ಲ್ಯುಎಚ್-018 ವಿಶ್ವಸಂಸ್ಥೆಯ ನಿಯಂತ್ರಣ ಪಟ್ಟಿ ಸೇರಿದ್ದು 2015ರಲ್ಲಿ. ‘ಸೇವನೆಗಲ್ಲ, ಸುವಾಸನೆಗೆ’ ಅಂತ ಬರೆಯೋದು ಕಾನೂನಿನ ಕಣ್ಣು ತಪ್ಪಿಸುವುದಕ್ಕೆ. ನಿಜವಾದ ಧೂಪವನ್ನು ಯಾರಾದರೂ ಬ್ಯಾಗಿನ ತಳದಲ್ಲಿ ಮುಚ್ಚಿಡ್ತಾರಾ?

ಮಗನ ಮೇಲೆ ಕೂಗಾಡಬೇಡಿ. ಯಾರು ಕೊಟ್ಟರು, ಎಷ್ಟು ದಿನದಿಂದ ಸೇದುತ್ತಿದ್ದಾನೆ, ಬಿಟ್ಟರೆ ಬೆವರು, ಚಡಪಡಿಕೆ, ನಿದ್ದೆಗೇಡು ಆಗುತ್ತದಾ, ಇಷ್ಟನ್ನು ಪಕ್ಕದಲ್ಲಿ ಕೂತು ಕೇಳಿ. ಬಿಡಲು ಆಗ್ತಿಲ್ಲ ಅಂದರೆ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ, ಬೆಂಗಳೂರಿನಲ್ಲೇ ಇರುವುದರಿಂದ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೂ ಹೋಗಬಹುದು. ಎದೆ ಡವಡವ, ನಿಲ್ಲದ ವಾಂತಿ, ಫಿಟ್ಸ್, ಇಲ್ಲದ್ದು ಕಾಣುವುದು, ಯಾವುದಾದರೂ ಆದರೆ ತಕ್ಷಣ 108. ಮಾಮೂಲಿ ಗಾಂಜಾ ಪರೀಕ್ಷೆಯಲ್ಲಿ ಈ ರಾಸಾಯನಿಕಗಳು ಸಿಕ್ಕಿಬೀಳುವುದಿಲ್ಲ, ಹಾಗಾಗಿ ಆಸ್ಪತ್ರೆಗೆ ಹೋಗುವಾಗ ಪೊಟ್ಟಣವನ್ನೂ ಕೈಯಲ್ಲೇ ಹಿಡಿದುಕೊಂಡು ಹೋಗಿ.