ನೀಟ್‌ನಲ್ಲಿ ಅಂಕ ಬರಲಿಲ್ಲ, ಮುಂದೇನು ಮೇಡಂ?

ಜೂನ್ 14ಕ್ಕೆ 2025ರ ನೀಟ್ ಫಲಿತಾಂಶ ಬಂತು. ಆಮೇಲೆ ನನಗೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಎಲ್ಲವನ್ನೂ ಇಲ್ಲಿ ಹಾಕಲು ಜಾಗ ಸಾಲದು, ನಾಲ್ಕನ್ನು ಆರಿಸಿದ್ದೇನೆ. ಇಪ್ಪತ್ತೇಳು ವರ್ಷ ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡಿದವಳು ನಾನು, ಈ ಜೂನ್ ತಿಂಗಳ ಸಂಕಟ ನನಗೆ ಹೊಸದಲ್ಲ.

ಪ್ರಶ್ನೆ: ಮೇಡಂ, ಇದು ನನ್ನ ಎರಡನೇ ಸಲ. ಕಳೆದ ವರ್ಷ 410 ಬಂದಿತ್ತು. ಅಪ್ಪ ಒಂದು ವರ್ಷದ ಲಾಂಗ್ ಟರ್ಮ್ ಕೋಚಿಂಗ್‌ಗೆ ಹಾಸ್ಟೆಲ್ ಸೇರಿ ಎರಡು ಲಕ್ಷ ಕಟ್ಟಿದರು. ಈಗ 372 ಬಂದಿದೆ. ಫಿಸಿಕ್ಸ್ 62, ಕೆಮಿಸ್ಟ್ರಿ 95, ಬಯಾಲಜಿ 215. ಒಂದು ವರ್ಷ ಓದಿ ಹಿಂದಕ್ಕೆ ಹೋದೆನಲ್ಲಾ ಅಂತ ಅಳು ಬರುತ್ತದೆ. ನಮ್ಮದು 2ಎ. ಅಪ್ಪನಿಗೆ ಕಿರಾಣಿ ಅಂಗಡಿ, ಊರಲ್ಲಿ ಮೂರು ಎಕರೆ ಹೊಲ ಇದೆ. ಸಿಇಟಿ ಬರೆದಿದ್ದೇನೆ, ಕೃಷಿಕರ ಕೋಟಾದ ಪ್ರಾಕ್ಟಿಕಲ್ಲೂ ಆಗಿದೆ. ಮೂರನೇ ಸಲ ಬರೆಯಲಾ? (ಹೆಸರು ಬೇಡ, ಹಾವೇರಿ ಜಿಲ್ಲೆ)

ಉತ್ತರ: ಮಗಳೇ, ಮೊದಲು ಒಂದು ಕೆಲಸ ಮಾಡು. ಎರಡೂ ವರ್ಷದ ಸ್ಕೋರ್ ಕಾರ್ಡನ್ನು ಪಕ್ಕ ಪಕ್ಕ ಇಟ್ಟುಕೋ, ಅಂಕ ನೋಡಬೇಡ, ಆಲ್ ಇಂಡಿಯಾ ರ‍್ಯಾಂಕ್ ನೋಡು. ನೀನು ಹಿಂದಕ್ಕೆ ಹೋಗಿಲ್ಲ, ಮುಂದೆಯೇ ಬಂದಿರುತ್ತೀಯ. ಈ ವರ್ಷದ ಫಿಸಿಕ್ಸ್ ಪೇಪರ್ ಎಷ್ಟು ಕಷ್ಟ ಇತ್ತೆಂದರೆ ದೇಶಕ್ಕೇ ಮೊದಲು ಬಂದವರಿಗೆ 686. ಕಳೆದ ವರ್ಷ 720ಕ್ಕೆ 720 ತೆಗೆದವರೇ ಎಷ್ಟೋ ಜನ ಇದ್ದರು. ಈ ವರ್ಷ 600 ದಾಟಿದವರು ಇಡೀ ದೇಶದಲ್ಲಿ ಸುಮಾರು 1300 ಜನ ಮಾತ್ರ. ಜನರಲ್ ಮೆರಿಟ್‌ನ ಕಟಾಫೇ 162ರಿಂದ 144ಕ್ಕೆ ಇಳಿದಿದೆ. ಸೀಟು ಕೊಡುವುದು ರ‍್ಯಾಂಕ್ ನೋಡಿ, ಅಂಕ ನೋಡಿ ಅಲ್ಲ. ಪಕ್ಕದ ಮನೆಯವರಿಗೆ ಇದು ಗೊತ್ತಿರುವುದಿಲ್ಲ, ನಿನಗೆ ಗೊತ್ತಿರಬೇಕು.

ಆದರೆ ನಿಜ ಹೇಳಬೇಕು ಅಲ್ವಾ. ಈ ರ‍್ಯಾಂಕಿಗೆ ಸರ್ಕಾರಿ ಎಂಬಿಬಿಎಸ್ ಸೀಟು ಇನ್ನೂ ದೂರ ಇದೆ. ಖಾಸಗಿ ಕಾಲೇಜಿನ ಪ್ರೈವೇಟ್ ಕೋಟಾ ಎಂದರೆ ವರ್ಷಕ್ಕೆ 10 ಲಕ್ಷ ದಾಟುತ್ತದೆ, ಹೊಲ ಮಾರಿದರೂ ಮುಗಿಯುವ ಲೆಕ್ಕ ಅಲ್ಲ ಅದು. ಅಪ್ಪನ ಹತ್ತಿರ ಆ ಮಾತೇ ಎತ್ತಬೇಡ.

ಮೂರನೇ ಸಲದ ವಿಷಯ. ಅಳು ಬರುತ್ತಿರುವ ವಾರದಲ್ಲಿ ಅದನ್ನು ತೀರ್ಮಾನ ಮಾಡಬೇಡ. ನಾನು ನನ್ನ ಮಕ್ಕಳಿಗೆ ಹೇಳುತ್ತಿದ್ದ ಒಂದು ಪರೀಕ್ಷೆ ಇದೆ. ಈ ವರ್ಷದ ಅದೇ ಪ್ರಶ್ನೆಪತ್ರಿಕೆ ತೆಗೆದುಕೋ. ಗಡಿಯಾರ ಇಡದೆ, ಎರಡು ದಿನ ಬೇಕಾದರೂ ತೆಗೆದುಕೊಂಡು, ಪುಸ್ತಕ ಮುಚ್ಚಿಟ್ಟು, ಕೀ ಉತ್ತರ ನೋಡದೆ ಮತ್ತೆ ಬರೆ. 500 ದಾಟಿತಾ? ಹಾಗಾದರೆ ನಿನಗೆ ವಿಷಯ ಗೊತ್ತಿದೆ, ವೇಗ ಸಾಲಲಿಲ್ಲ ಅಥವಾ ಹಾಲ್‌ನಲ್ಲಿ ಭಯ ಆಯಿತು. ಅದನ್ನು ಒಂದು ವರ್ಷದಲ್ಲಿ ಸರಿ ಮಾಡಬಹುದು. ಟೈಮ್ ಇದ್ದೂ 400ರ ಹತ್ತಿರವೇ ನಿಂತರೆ ಬುಡದಲ್ಲೇ ಪಾಠ ಕೂತಿಲ್ಲ ಎಂದು ಅರ್ಥ. ಅದೇ ಕೋಚಿಂಗು, ಅದೇ ನೋಟ್ಸು, ಇನ್ನೆರಡು ಲಕ್ಷ, ಅದೇ ಫಲಿತಾಂಶ. ನಿನ್ನ ಬಯಾಲಜಿ ನೋಡಿ ನನಗೆ ಹಾಗೇ ಅನಿಸುತ್ತಿದೆ. 360ಕ್ಕೆ 215 ಎಂದರೆ ಎನ್‌ಸಿಇಆರ್‌ಟಿ ಪುಸ್ತಕವನ್ನು ಸಾಲು ಸಾಲಾಗಿ ಓದಿಲ್ಲ, ಬರೀ ಎಂಸಿಕ್ಯೂ ಬಿಡಿಸಿದ್ದೀಯ. ತಪ್ಪು ತಿಳಿಯಬೇಡ, ಲಾಂಗ್ ಟರ್ಮ್ ಹಾಸ್ಟೆಲ್‌ಗಳಲ್ಲಿ ದಿನಾ ಟೆಸ್ಟ್ ಕೊಡುತ್ತಾರೆ, ಓದಲು ಹೊತ್ತು ಕೊಡುವುದಿಲ್ಲ.

ಈಗ ನಿನ್ನ ಪತ್ರದಲ್ಲಿ ನೀನೇ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ವಿಷಯಕ್ಕೆ ಬರುತ್ತೇನೆ. ಸಿಇಟಿ ಬರೆದಿದ್ದೀಯ, ಪ್ರಾಕ್ಟಿಕಲ್ ಆಗಿದೆ, ಅಪ್ಪನ ಹೆಸರಲ್ಲಿ ಹೊಲ ಇದೆ. ಅಂದರೆ ನಿನಗೆ ಪಶುವೈದ್ಯಕೀಯದ ದಾರಿ ಇದೆ! ರಾಜ್ಯದ ಕೋಟಾ ಸೀಟಿಗೆ ನೀಟ್ ಬೇಡ. ಪಿಯು ಅಂಕ ಮತ್ತು ಸಿಇಟಿ ಅಂಕ ಸೇರಿಸಿ ರ‍್ಯಾಂಕ್ ಕೊಡುತ್ತಾರೆ, ಕೃಷಿಕರ ಕೋಟಾ ಬೇರೆ ಇದೆ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗೆ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗ, ಅಥಣಿಯಲ್ಲಿ ಕಾಲೇಜುಗಳಿವೆ. ಗದಗ ನಿಮ್ಮ ಪಕ್ಕದ ಜಿಲ್ಲೆ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂಬಿಬಿಎಸ್‌ನಷ್ಟೇ. ಅನಾಟಮಿ, ಫಾರ್ಮಕಾಲಜಿ, ಸರ್ಜರಿ ಎಲ್ಲಾ ಇದೆ. ರೋಗಿಗೆ ಬಾಯಿ ಇಲ್ಲ, ನೋಡಿಯೇ ರೋಗ ಹಿಡಿಯಬೇಕು. ನನ್ನ ಕೈಯಲ್ಲಿ ಓದಿದ ಹುಡುಗಿಯೊಬ್ಬಳು ನೀಟ್ ಹೋಯಿತೆಂದು ಅಳುತ್ತಲೇ ಇದಕ್ಕೆ ಸೇರಿದಳು. ಈಗ ತಾಲೂಕು ಪಶು ಆಸ್ಪತ್ರೆಯಲ್ಲಿದ್ದಾಳೆ. ಹೋದ ತಿಂಗಳು ರಾತ್ರಿ ಎರಡು ಗಂಟೆಗೆ ಎಮ್ಮೆಯ ಹೆರಿಗೆ ಮಾಡಿಸಿ ಬಂದು ನನಗೆ ಫೋಟೋ ಕಳಿಸಿದ್ದಳು.

ಸಿಇಟಿ ರ‍್ಯಾಂಕ್ ಎಷ್ಟೆಂದು ನೀನು ಬರೆದಿಲ್ಲ, ಸೀಟು ಹಂಚುವ ಕೆಇಎ ವೆಬ್‌ಸೈಟ್‌ನಲ್ಲಿ ಹಿಂದಿನ ವರ್ಷದ ಕಟಾಫ್ ಪಕ್ಕ ಇಟ್ಟು ನೋಡು. ಆಪ್ಷನ್ ಎಂಟ್ರಿಯಲ್ಲಿ ಪಶುವೈದ್ಯಕೀಯ ಮೊದಲು ಹಾಕು, ಆಮೇಲೆ ಧಾರವಾಡ, ಬೆಂಗಳೂರು, ರಾಯಚೂರು, ಶಿವಮೊಗ್ಗದ ಬಿಎಸ್ಸಿ ಅಗ್ರಿ ಹಾಕು. ನೀಟ್ ಕ್ವಾಲಿಫೈ ಆಗಿದ್ದೀಯ, ಆದ್ದರಿಂದ ಬಿಎಎಂಎಸ್ (ಆಯುರ್ವೇದ), ಬಿಡಿಎಸ್ (ದಂತ ವೈದ್ಯಕೀಯ) ಸೀಟಿಗೂ ಬೇರೆಯಾಗಿ ಹೆಸರು ನೋಂದಾಯಿಸಿಕೋ. ಗ್ರಾಮೀಣ, ಕನ್ನಡ ಮಾಧ್ಯಮ ಪ್ರಮಾಣಪತ್ರ ಇದ್ದರೆ ಅದರ ಲಾಭ ಬಿಡಬೇಡ. ಸೀಟು ಸಿಕ್ಕಿದ ಮೇಲೆ ನಿನ್ನ ಚಾಯ್ಸ್ ಯಾವುದೆಂದು ಕೇಳುತ್ತಾರೆ, ಕೈಗೆ ಬಂದದ್ದನ್ನು ಒತ್ತಬೇಡ. ಮುಂದಿನ ಸುತ್ತಿಗೆ ಹೋಗಬೇಕಾದರೆ ಚಾಯ್ಸ್ 2, ಆಗ ಸಿಕ್ಕಿದ ಸೀಟು ಕೈಯಲ್ಲೇ ಇರುತ್ತದೆ. ಚಾಯ್ಸ್ 3 ಒತ್ತಿದರೆ ಆ ಸೀಟು ಹೋಯಿತು. ಪ್ರತಿ ವರ್ಷ ಯಾರೋ ಒಬ್ಬ ಮಗು ಇಲ್ಲಿ ತಪ್ಪು ಮಾಡಿಕೊಂಡು ಬರೆಯುತ್ತದೆ, ಆಗ ನನ್ನ ಕೈಯಲ್ಲಿ ಏನೂ ಇರುವುದಿಲ್ಲ.

ವೆಟರ್ನರಿಗೆ ಸೇರಿ ಅಲ್ಲಿಂದಲೇ ನೀಟ್ ಬರೆಯುತ್ತೇನೆ ಅಂತ ಕೆಲವರು ಹೇಳುತ್ತಾರೆ. ಬೇಡ. ಮೊದಲ ವರ್ಷದ ಅನಾಟಮಿ ಸಣ್ಣ ವಿಷಯ ಅಲ್ಲ, ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಾಗುತ್ತದೆ.

ಪ್ರಶ್ನೆ: ಮಗನಿಗೆ 168 ಬಂದಿದೆ, ಜನರಲ್ ಮೆರಿಟ್, ಕ್ವಾಲಿಫೈ ಆಗಿದ್ದಾನೆ. ಹೊರದೇಶದಲ್ಲಿ 30 ಲಕ್ಷಕ್ಕೆ ಎಂಬಿಬಿಎಸ್ ಮುಗಿಯುತ್ತದೆ, ಈ ವಾರವೇ ಎರಡು ಲಕ್ಷ ಕಟ್ಟಿ ಸೀಟು ಹಿಡಿಯಿರಿ ಎಂದು ಒಬ್ಬ ಏಜೆಂಟ್ ಹೇಳುತ್ತಿದ್ದಾನೆ. ಒಂದು ಎಕರೆ ಗದ್ದೆ ಮಾರಲು ಮಾತಾಗಿದೆ. ಏನು ಮಾಡಲಿ? (ಮಂಡ್ಯ ಜಿಲ್ಲೆಯ ರೈತ)

ಉತ್ತರ: ಅಣ್ಣಾ, ಗದ್ದೆ ವ್ಯವಹಾರ ನಿಲ್ಲಿಸಿ. ಈ ವಾರವೇ ಕಟ್ಟಬೇಕು ಎನ್ನುವ ಮಾತೇ ಸುಳ್ಳು. ಹೊರದೇಶಕ್ಕೆ ಹೋಗಲು ನೀಟ್ ಅಂಕ ಮೂರು ವರ್ಷ ನಡೆಯುತ್ತದೆ. ಅವಸರ ಏಜೆಂಟನಿಗೆ, ನಿಮಗಲ್ಲ.

ಏಜೆಂಟ್ ಹೇಳದೇ ಇರುವುದನ್ನು ನಾನು ಹೇಳುತ್ತೇನೆ. ಹೊರಗೆ ಓದಿ ಬಂದವರು ಇಲ್ಲಿ ಡಾಕ್ಟರ್ ಆಗಬೇಕಾದರೆ ಎಫ್‌ಎಂಜಿಇ ಎಂಬ ಪರೀಕ್ಷೆ ಪಾಸಾಗಬೇಕು. ವರ್ಷಕ್ಕೆ ಎರಡು ಸಲ ನಡೆಯುತ್ತದೆ, 300ಕ್ಕೆ 150 ಬೇಕು. ಡಿಸೆಂಬರ್ 2023ರಲ್ಲೂ ಜೂನ್ 2024ರಲ್ಲೂ ಪಾಸಾದವರು ನೂರಕ್ಕೆ 21ರ ಆಸುಪಾಸು. ಅಂದರೆ ಐವರಲ್ಲಿ ಒಬ್ಬರು. 2021ರ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ನಿಯಮದ ಪ್ರಕಾರ ಕೋರ್ಸು ಕನಿಷ್ಠ 54 ತಿಂಗಳು ಇರಬೇಕು, ಪಾಠ ಇಂಗ್ಲಿಷಿನಲ್ಲೇ ಇರಬೇಕು, ಅದೇ ವಿಶ್ವವಿದ್ಯಾಲಯದಲ್ಲಿ 12 ತಿಂಗಳು ಇಂಟರ್ನ್‌ಶಿಪ್ ಆಗಬೇಕು, ಆ ದೇಶದಲ್ಲೇ ವೈದ್ಯನಾಗಿ ಕೆಲಸ ಮಾಡಲು ಲೈಸೆನ್ಸ್ ಸಿಗುವಂಥ ಪದವಿ ಅದಾಗಿರಬೇಕು. ಇಲ್ಲಿಗೆ ಬಂದು ಮತ್ತೆ ಒಂದು ವರ್ಷ ಇಂಟರ್ನ್‌ಶಿಪ್. ಇದರಲ್ಲಿ ಒಂದು ತಪ್ಪಿದರೂ ಪದವಿ ಗೋಡೆಗೆ ನೇತು ಹಾಕುವ ಕಾಗದ. ಇವೆಲ್ಲವನ್ನೂ ಲೆಟರ್‌ಹೆಡ್‌ನಲ್ಲಿ ಬರೆದು ಸಹಿ ಮಾಡಿ ಕೊಡು ಎಂದು ಏಜೆಂಟನನ್ನು ಕೇಳಿ ನೋಡಿ. 2022ರಲ್ಲಿ ಯುಕ್ರೇನ್‌ನಿಂದ ಅರ್ಧಕ್ಕೇ ಓಡಿ ಬಂದ ನಮ್ಮ ಮಕ್ಕಳನ್ನು ಇಲ್ಲಿನ ಕಾಲೇಜುಗಳಿಗೆ ಸೇರಿಸಿಕೊಳ್ಳಲಿಲ್ಲ, ಅದು ನೆನಪಿರಲಿ.

ಅಲ್ಲಿ ಓದಿ ಬಂದು ಚೆನ್ನಾಗಿ ಕೆಲಸ ಮಾಡುತ್ತಿರುವವರು ನನಗೆ ಗೊತ್ತು. ಅವರು ಮೊದಲಿಂದಲೂ ಗಟ್ಟಿಯಾಗಿ ಓದುತ್ತಿದ್ದ ಮಕ್ಕಳು, ಹಣ ಇಲ್ಲದೆ ಹೋದವರು. 168 ಬಂದ ಹುಡುಗನಿಗೆ ನಿಜವಾಗಿ ಡಾಕ್ಟರ್ ಆಗುವ ಆಸೆ ಇದೆಯಾ, ಅಥವಾ ನಿಮಗಾ? ಊಟಕ್ಕೆ ಕೂತಾಗ ಸುಮ್ನೆ ಕೇಳಿ, ಅವನು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.

ಪ್ರಶ್ನೆ: 96 ಅಂಕ, ಎಸ್‌ಸಿ, ಕ್ವಾಲಿಫೈ ಆಗಲಿಲ್ಲ. ಪಿಯುನಲ್ಲಿ ಗಣಿತ ಇರಲಿಲ್ಲ. ಆಸ್ಪತ್ರೆಯಲ್ಲೇ ಕೆಲಸ ಮಾಡಬೇಕೆಂಬ ಆಸೆ. ನರ್ಸಿಂಗ್ ಮಾಡುತ್ತೇನೆ ಎಂದರೆ ಗೆಳೆಯರು ನಗುತ್ತಾರೆ. (ಕೊಪ್ಪಳ)

ಉತ್ತರ: ತಮ್ಮಾ, ಈ ವರ್ಷ 113 ಬೇಕಿತ್ತು. ಸೀಟು ಉಳಿದಾಗ ಕಟಾಫ್ ಇಳಿಸಿದ ವರ್ಷಗಳಿವೆ, ಆದರೆ ಅದನ್ನೇ ನಂಬಿ ಕೂರಬೇಡ.

ನಗುವವರು ನಗಲಿ. ನಾನು ಆಪರೇಷನ್ ಆಗಿ ಐಸಿಯುನಲ್ಲಿ ಮಲಗಿದ್ದಾಗ ರಾತ್ರಿ ಇಡೀ ನನ್ನ ಪಕ್ಕ ನಿಂತಿದ್ದವನು ಒಬ್ಬ ಹುಡುಗ ನರ್ಸ್. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಇದಲ್ಲದೆ ಅಲೈಡ್ ಹೆಲ್ತ್ ಕೋರ್ಸುಗಳಿವೆ: ಅನಸ್ತೇಶಿಯಾ, ಡಯಾಲಿಸಿಸ್, ಇಮೇಜಿಂಗ್, ಲ್ಯಾಬ್, ಆಪ್ಟೊಮೆಟ್ರಿ. ಪರ್‌ಫ್ಯೂಶನ್ ಅಂತ ಒಂದಿದೆ, ಹೆಚ್ಚು ಜನ ಕೇಳಿಯೇ ಇಲ್ಲ. ಹೃದಯ ನಿಲ್ಲಿಸಿ ಆಪರೇಷನ್ ಮಾಡುವಾಗ ರಕ್ತ ಓಡಿಸುವ ಯಂತ್ರ ನೋಡಿಕೊಳ್ಳುವ ಕೆಲಸ ಅದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕೇಂದ್ರ ಸರ್ಕಾರದ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಮಾತು ಬಾರದ, ಕಿವಿ ಕೇಳದ ಮಕ್ಕಳ ಜೊತೆ ಕೆಲಸ ಮಾಡಲು ಅಲ್ಲಿ ಕಲಿಸುತ್ತಾರೆ. ಅದಕ್ಕೆ ಪ್ರವೇಶ ಪರೀಕ್ಷೆ ಬೇರೆ.

ನೀನು ಕೊಪ್ಪಳದವನು, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ಪ್ರಮಾಣಪತ್ರ ಇದೆಯಾ? ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕು, ಜಾತಿ ಮತ್ತು ಆದಾಯ ಪ್ರಮಾಣಪತ್ರ ಹೊಸದಾಗಿ ಮಾಡಿಸಿಟ್ಟುಕೋ. ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಮಾನ್ಯತೆ ಇದೆಯಾ, ಅವರದೇ ಆಸ್ಪತ್ರೆ ಇದೆಯಾ, ಹಾಸಿಗೆಗಳ ಮೇಲೆ ರೋಗಿಗಳು ಇದ್ದಾರಾ ಎಂದು ಹೋಗಿ ಕಣ್ಣಾರೆ ನೋಡು. ಎರಡು ಕೋಣೆಯಲ್ಲಿ ನಡೆಯುವ ನರ್ಸಿಂಗ್ ಕಾಲೇಜುಗಳೂ ಇವೆ.

ಪ್ರಶ್ನೆ: ರಿಸಲ್ಟ್ ಬಂದಾಗಿನಿಂದ ಮಗ ರೂಮಿನಿಂದ ಹೊರಗೆ ಬರುತ್ತಿಲ್ಲ. ಊಟ ಅರ್ಧಕ್ಕೆ ಬಿಡುತ್ತಾನೆ. ನಾನು ಯಾರಿಗೂ ಬೇಡ ಎಂದ ನಿನ್ನೆ. ಅವರಪ್ಪ ಸ್ವಲ್ಪ ದಿನ ಹೋದರೆ ಸರಿ ಹೋಗುತ್ತಾನೆ ಅನ್ನುತ್ತಾರೆ. (ಒಬ್ಬ ತಾಯಿ, ಶಿವಮೊಗ್ಗ)

ಉತ್ತರ: ಅಮ್ಮಾ, ನಿಮ್ಮ ಪತ್ರ ಬಂದ ದಿನವೇ ನಿಮಗೆ ಬೇರೆಯಾಗಿ ಉತ್ತರ ಬರೆದಿದ್ದೇನೆ, ಇಂಥದೇ ಮನೆಗಳು ಇನ್ನೂ ಇರುತ್ತವೆ ಎಂದು ಇಲ್ಲಿಯೂ ಹಾಕುತ್ತಿದ್ದೇನೆ. ಸ್ವಲ್ಪ ದಿನ ಕಾಯಬೇಡಿ. ಯಾರಿಗೂ ಬೇಡ ಎಂದು ಮಗು ಹೇಳಿದರೆ ಅದು ಕೋಪದ ಮಾತಲ್ಲ. ಸಾಯಬೇಕು ಅನಿಸುತ್ತಿದೆಯಾ ಎಂದು ನೇರವಾಗಿಯೇ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಎಂದು ಹೆದರಬೇಡಿ, ಹಾಗಾಗುವುದಿಲ್ಲ, ಕೇಳಿದವರ ಮುಂದೆ ಮಕ್ಕಳು ಬಾಯಿ ಬಿಡುತ್ತಾರೆ. ಹೌದು ಎಂದರೆ ಅವನನ್ನು ಒಬ್ಬನೇ ಬಿಡಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅವನು ಮಾತಾಡದಿದ್ದರೆ ನೀವೇ ಮಾತಾಡಿ, ಏನು ಮಾಡಬೇಕೆಂದು ಅವರು ಹೇಳುತ್ತಾರೆ. ಮನೆಯಲ್ಲಿರುವ ಮಾತ್ರೆ, ಕ್ರಿಮಿನಾಶಕ ಎಲ್ಲಾ ಬೀಗ ಹಾಕಿಡಿ.

ನೆಂಟರ ಫೋನುಗಳನ್ನು ನೀವೇ ತೆಗೆದುಕೊಳ್ಳಿ, ಅವನ ಕೈಗೆ ಕೊಡಬೇಡಿ. ಕೌನ್ಸೆಲಿಂಗ್ ನೋಂದಣಿಯ ಕಡೆ ದಿನಾಂಕವನ್ನು ಅವರಪ್ಪ ನೋಡಿಕೊಳ್ಳಲಿ, ದಾಖಲೆ ಜೋಡಿಸಿಡಲಿ, ಮಗನ ಹತ್ತಿರ ಆ ಮಾತು ಈಗ ಬೇಡ. ರಾತ್ರಿ ಅವನ ರೂಮಿನಲ್ಲೇ ಚಾಪೆ ಹಾಸಿಕೊಂಡು ಮಲಗಿ. ಫೋನ್ ಮಾಡಿದ ಮೇಲೆ ಏನಾಯಿತೆಂದು ನನಗೆ ಎರಡು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.