50 ದಾಟಿದ ಮೇಲೆ ಮತ್ತೆ ಓಟ ಶುರು ಮಾಡಬಹುದೇ? ಪೆಟ್ಟಾಗದಂತೆ ಹೇಗೆ?

ಮಾಡಬಹುದು. ಆದರೆ ಕಾಲೇಜಿನಲ್ಲಿ ಓಡುತ್ತಿದ್ದ ವೇಗ ಇನ್ನೂ ನೆನಪಿದೆಯಲ್ಲ, ಅಪಾಯವಿರುವುದು ಅಲ್ಲೇ. 25 ವರ್ಷ ಬಿಟ್ಟು ನಾನು ಲಾಲ್‌ಬಾಗಿಗೆ ಇಳಿದಾಗ ಮೂರನೇ ವಾರಕ್ಕೆ ಉಸಿರು ಹದಕ್ಕೆ ಬಂತು, ಹುರುಪೂ ಏರಿತು. ಐದನೇ ವಾರಕ್ಕೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಸೇರಿಸುವ ಗಟ್ಟಿ ಹುರಿ) ಊದಿಕೊಂಡು, ಬೆಳಿಗ್ಗೆ ಬಚ್ಚಲಿಗೆ ಗೋಡೆ ಹಿಡಿದು ಹೋಗಬೇಕಾಯಿತು.

ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಪಳಗುತ್ತವೆ. ಸ್ನಾಯುರಜ್ಜು, ಮೂಳೆಗಳಿಗೆ ತಿಂಗಳುಗಳೇ ಬೇಕು. ವಯಸ್ಸಾದಂತೆ ಇನ್ನೂ ನಿಧಾನ. ದಮ್ಮಿದೆ ಎಂದು ದೂರ ಹೆಚ್ಚಿಸಿದವರೇ ಕುಂಟುವುದು.

ಎರಡನೇ ಸಲ ಹೀಗೆ ಮಾಡಿದೆ: 1 ನಿಮಿಷ ಓಟ, 2 ನಿಮಿಷ ನಡಿಗೆ, ಒಟ್ಟು 20 ನಿಮಿಷ; ವಾರಕ್ಕೆ ಮೂರೇ ದಿನ, ಅದೂ ದಿನ ಬಿಟ್ಟು ದಿನ. ಓಡುತ್ತಲೇ ಪೂರ್ತಿ ವಾಕ್ಯ ಆಡಲಾಗದಿದ್ದರೆ ವೇಗ ಹೆಚ್ಚಾಗಿದೆ ಎಂದರ್ಥ. ಅಜ್ಜಂದಿರು ನಡೆದೇ ನನ್ನನ್ನು ದಾಟಿ ಹೋಗುತ್ತಿದ್ದರು, ಹೋಗಲಿ. ಮನೆಯಲ್ಲಿ ಮೆಟ್ಟಿಲಂಚಿಗೆ ನಿಂತು ಹಿಮ್ಮಡಿ ಎತ್ತಿ, ತೀರಾ ನಿಧಾನವಾಗಿ ಇಳಿಸುವ ವ್ಯಾಯಾಮ ಬಹಳ ನೆರವಾಯಿತು.

ಓಡುತ್ತಾ ಬಿಟ್ಟುಹೋಗುವ ಬಿಗಿತಕ್ಕೆ ಅಷ್ಟು ಹೆದರಬೇಕಿಲ್ಲ. ಓಡಿದಷ್ಟೂ ಹೆಚ್ಚುವ, ಮರುದಿನವೂ ಉಳಿಯುವ ನೋವಿದ್ದರೆ ನಿಲ್ಲಿಸಿ. ಮೂಳೆಯ ಮೇಲೆ ಒಂದೇ ಜಾಗದಲ್ಲಿ ಒತ್ತಿದರೆ ನೋಯುತ್ತದೆಯೇ? ವೈದ್ಯರಿಗೆ ತೋರಿಸಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಎದೆನೋವಿನ ಇತಿಹಾಸ ಇರುವವರು ಬೂಟು ಕೊಳ್ಳುವ ಮೊದಲೇ ಅವರನ್ನು ಕಾಣಬೇಕು.

ಅಂದಹಾಗೆ, ಪಂಜಾಬ್ ಮೂಲದ ಓಟಗಾರ ಫೌಜಾ ಸಿಂಗ್ ಲಂಡನ್ ಮ್ಯಾರಥಾನ್ ಓಡಲು ಆರಂಭಿಸಿದ್ದು 2000ರಲ್ಲಿ, ತಮ್ಮ 89ನೇ ವಯಸ್ಸಿನಲ್ಲಿ. ನಿಮಗೆ ಅವಸರವೇನೂ ಇಲ್ಲ.